ತಂತಿಬೇಲಿಯ ಮೇಲೊಂದು ಲಾಗ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಮೌಂಟನ್ ಬೈಕಿನ ಹುಚ್ಚು ಹಿಡಿದವರನ್ನು ಗುರುತಿಸೋದು ಸುಲಭ. ಶುಕ್ರವಾರ ಮಧ್ಯಾಹ್ನದ ಊಟ ಆದಮೇಲೆ ಅವರ ಒಂದು ಮಾನಿಟರಿನಲ್ಲಿ ಕೋಡ್ ಇರುತ್ತೆ, ಇನ್ನೊಂದರಲ್ಲಿ ಭಾನುವಾರದ ಟ್ರೇಲಿನ ಮ್ಯಾಪ್. ಬೈಕ್ ಅಂದರೆ ಮೋಟಾರ್ ಬೈಕ್ ಅಲ್ಲ. ದಪ್ಪ ಟೈರು, ಸಸ್ಪೆನ್ಷನ್ ಇರೋ ಸೈಕಲ್ಲು. ನನ್ನ ಹತ್ತಿರವೂ ಒಂದಿದೆ. ಅದರ ಬೆಲೆ ಕೇಳಿದ ದಿನ ಊರಲ್ಲಿ ಅಪ್ಪಯ್ಯ, "ಅಷ್ಟು ದುಡ್ಡಿಗೆ ಎರಡು ಹಸು ಬರ್ತಿತ್ತಲ್ಲೋ" ಅಂದಿದ್ದರು.

ಹೊಸಬರು ಯಾರಾದರೂ "ಇದರಲ್ಲಿ ಅಂಥಾದ್ದೇನಿದೆ ಗುರು?" ಅಂತ ಕೇಳಿದರೆ ಉತ್ತರದ ಬದಲು ಯೂಟ್ಯೂಬಿನ ಒಂದು ಲಿಂಕ್ ಬರುತ್ತೆ. ಸಾಮಾನ್ಯವಾಗಿ ಅದು ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್‌ನ 'ದಿ ರಿಜ್'. 2014ರಲ್ಲಿ ಬಂದ ಕಿರುಚಿತ್ರ, ಪೂರ್ತಿ ಎಂಟು ನಿಮಿಷವೂ ಇಲ್ಲ. ಕೋಟಿಗಟ್ಟಲೆ ಜನ ನೋಡಿದ್ದಾರೆ. ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ.

ನೋಡದವರಿಗೆ ಕಥೆ ಹೇಳಿಬಿಡ್ತೀನಿ, ಕಥೆ ಅನ್ನೋದು ಅಂಥ ದೊಡ್ಡದೇನೂ ಇಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸ್ಕೈ ಅನ್ನೋ ದ್ವೀಪ. ಅಲ್ಲಿ ಕೂಲಿನ್ ಅಂತ ಕಪ್ಪು ಬಂಡೆಗಳ ಬೆಟ್ಟಸಾಲು. ಮೆಕಾಸ್ಕಿಲ್ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು 'ಇನ್‌ಆಕ್ಸೆಸಿಬಲ್ ಪಿನಾಕಲ್' ಎಂಬ ಕಲ್ಲಿನ ಅಲಗನ್ನು ಹತ್ತುತ್ತಾನೆ. ಎತ್ತರ 986 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು, ಆದರೆ ಎರಡೂ ಪಕ್ಕಕ್ಕೆ ಬರೀ ಪ್ರಪಾತ. ಆಮೇಲೆ ಬೆಟ್ಟ ಇಳಿಯುತ್ತಾನೆ. ಕೊನೆಯ ಹೊತ್ತಿಗೆ ಒಂದು ಮುಳ್ಳುತಂತಿ ಬೇಲಿ ಅಡ್ಡ ಬರುತ್ತೆ. ಮುಂದಿನ ಚಕ್ರವನ್ನು ಬೇಕಂತಲೇ ಗುದ್ದಿಸಿ, ಸೈಕಲ್ ಸಮೇತ ಗಾಳಿಯಲ್ಲಿ ಮುಂದಕ್ಕೆ ಲಾಗ ಹಾಕಿ ಬೇಲಿಯಾಚೆ ಇಳಿಯುತ್ತಾನೆ.

ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ವೀಕೆಂಡ್ ವಿಡಿಯೊಗಳಲ್ಲಿ ಹೆಲ್ಮೆಟ್ಟಿನ ಕ್ಯಾಮೆರಾ ಕುಲುಕಾಡಿ ಕುಲುಕಾಡಿ ತಲೆನೋವು ಬರಿಸುತ್ತೆ. ಇಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ದೂರ ನಿಂತು ನೋಡುತ್ತೆ. ಬೆಟ್ಟ ಎಷ್ಟು ದೊಡ್ಡದು, ಸವಾರ ಎಷ್ಟು ಸಣ್ಣವನು ಅನ್ನೋದು ಮಾತಿಲ್ಲದೆ ಗೊತ್ತಾಗುತ್ತೆ. ಹತ್ತುವ ಕಷ್ಟವನ್ನು ಕತ್ತರಿಸಿ ಎಸೆದಿಲ್ಲ. ಸಾಹಸದ ವಿಡಿಯೊಗಳಲ್ಲಿ ಇದು ಅಪರೂಪದ ಪ್ರಾಮಾಣಿಕತೆ.

ನನ್ನ ತಕರಾರು ಬೇರೆ ಕಡೆ ಇದೆ. ಈ ಬೆಟ್ಟದಲ್ಲಿ ಜನ ಎಲ್ಲಿ?

ಹಳ್ಳಿಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ತಾನಾಗಿಯೇ ಬರುತ್ತೆ. ನಮ್ಮೂರು ಸಾಗರ ತಾಲ್ಲೂಕಿನಲ್ಲಿದೆ. ಅಲ್ಲಿ 'ಖಾಲಿ ಜಾಗ' ಅಂತ ಯಾವುದಕ್ಕೂ ಹೆಸರಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರೋ ಕಾಡು ಸೊಪ್ಪಿನಬೆಟ್ಟ. ಹುಲ್ಲು ಕೊಯ್ಯೋ ಬಯಲು ಬ್ಯಾಣ. ದನ ಮೇಯೋದು ಗೋಮಾಳ. ದಟ್ಟ ಕಾಡು ಕಾನು. ಒಂದೊಂದು ಹೆಸರಿನಲ್ಲೂ ಇಲ್ಲಿಂದ ಯಾರು ಏನು ತರಬಹುದು, ಏನು ತರಬಾರದು ಅನ್ನೋ ಲೆಕ್ಕ ಅಡಗಿದೆ. ಹಾಗಿರೋವಾಗ ಇಷ್ಟು ದೊಡ್ಡ ಹಸಿರು ಇಳಿಜಾರಿನಲ್ಲಿ ದುಡಿಯೋ ಒಬ್ಬ ಮನುಷ್ಯನೂ ಕಾಣದಿದ್ದರೆ ಅದು ಪ್ರಕೃತಿ ಸೌಂದರ್ಯ ಅಂತ ನನಗೆ ಅನ್ನಿಸೋದಿಲ್ಲ. ಏನೋ ನಡೆದಿದೆ ಅನ್ನಿಸುತ್ತೆ.

ನಡೆದಿದ್ದು ಇಷ್ಟು. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಸ್ಕಾಟ್ಲೆಂಡಿನ ಗುಡ್ಡನಾಡಿನ ಜಮೀನ್ದಾರರಿಗೆ ಒಕ್ಕಲುಗಳಿಗಿಂತ ಕುರಿ ಲಾಭದ್ದು ಅಂತ ಗೊತ್ತಾಯಿತು. ಊರಿಗೆ ಊರನ್ನೇ ಎಬ್ಬಿಸಿದರು. ಎಷ್ಟೋ ಜನ ಹಡಗು ಹತ್ತಿ ಕೆನಡಾ, ಆಸ್ಟ್ರೇಲಿಯಾ ಕಡೆ ಹೋದರು. ಹೈಲ್ಯಾಂಡ್ ಕ್ಲಿಯರೆನ್ಸಸ್ ಅಂತ ಇದರ ಹೆಸರು. ಸ್ಕೈ ದ್ವೀಪವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1882ರಲ್ಲಿ ಅದೇ ದ್ವೀಪದ ಬ್ರೇಸ್ ಎಂಬಲ್ಲಿನ ಬಡ ಗೇಣಿದಾರರು ಬೆನ್ ಲೀ ಗುಡ್ಡದ ಹುಲ್ಲುಗಾವಲನ್ನು ತಮಗೆ ವಾಪಸ್ ಕೊಡೋವರೆಗೆ ಗೇಣಿ ಕಟ್ಟೋದಿಲ್ಲ ಅಂದರು. ನೋಟಿಸ್ ತಂದವನ ಕೈಯಿಂದ ಕಾಗದ ಕಿತ್ತು ಸುಟ್ಟರು. ಗ್ಲಾಸ್ಗೋದಿಂದ 50 ಪೊಲೀಸರು ಬಂದಾಗ ಗಂಡಸರು ಹೆಂಗಸರು ಸೇರಿ ಕಲ್ಲು ಹಿಡಿದು ಎದುರು ನಿಂತರು. ಮರುವರ್ಷ ಸರ್ಕಾರ ತನಿಖಾ ಆಯೋಗ ನೇಮಿಸಿತು. 1886ರಲ್ಲಿ ಬಂದ ಕಾಯ್ದೆಯಿಂದ ಗೇಣಿದಾರರನ್ನು ಮನಸ್ಸಿಗೆ ಬಂದಂತೆ ಒಕ್ಕಲೆಬ್ಬಿಸೋದು ನಿಂತಿತು.

ಇದನ್ನು ಓದಿದಾಗ ಸಾಗರ ಕಡೆಯವನಿಗೆ ಕಾಗೋಡು ನೆನಪಾಗದೆ ಇರುತ್ತಾ? 1951ರಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಅಳೆಯೋ ಕೊಳಗದ ವಿಚಾರಕ್ಕೆ ಎದ್ದು ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮಲ್ಲಿ ಕೊಳಗ, ಅಲ್ಲಿ ಹುಲ್ಲು. ಜಗಳದ ಮೂಲ ಒಂದೇ: ಈ ನೆಲದ ಮೇಲೆ ದುಡಿಯುವವನ ಹಕ್ಕು ಎಷ್ಟು?

ಇನ್ನೊಂದು ವಿಷಯ ಕೇಳಿ. ಮೆಕಾಸ್ಕಿಲ್ ಹುಟ್ಟಿ ಬೆಳೆದದ್ದು ಸ್ಕೈ ದ್ವೀಪದ ಡನ್‌ವೇಗನ್ ಎಂಬ ಊರಿನಲ್ಲಿ. ಅದೇ ಊರಲ್ಲಿ ಮೆಕ್ಲೌಡ್ ಮನೆತನದ ಕೋಟೆ ಇದೆ. 2000ನೇ ಇಸವಿಯಲ್ಲಿ ಆ ಮನೆತನದ ಯಜಮಾನ ಕೂಲಿನ್ ಬೆಟ್ಟಸಾಲನ್ನೇ ಮಾರಾಟಕ್ಕಿಟ್ಟ, 1 ಕೋಟಿ ಪೌಂಡಿಗೆ. ಕಾರಣ? ಕೋಟೆಯ ಮಾಡು ಸೋರುತ್ತಿತ್ತು, ರಿಪೇರಿಗೆ ದುಡ್ಡು ಬೇಕಿತ್ತು! ದೊಡ್ಡ ಗಲಾಟೆಯಾಗಿ ಮಾರಾಟ ನಡೆಯಲಿಲ್ಲ. ಅಂದರೆ 'ದಿ ರಿಜ್' ಬರೋಕೆ 14 ವರ್ಷ ಮುಂಚೆ ಈ ಬೆಟ್ಟಕ್ಕೆ ಬೆಲೆಚೀಟಿ ನೇತುಬಿದ್ದಿತ್ತು. ಚಿತ್ರ ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ. ಅಲ್ಲಿ ಬೆಟ್ಟ ನಿನ್ನೆಯಷ್ಟೇ ಹುಟ್ಟಿದ ಹಾಗಿದೆ.

ಎಂಟು ನಿಮಿಷದ ಸೈಕಲ್ ಚಿತ್ರ ಇತಿಹಾಸದ ಪಾಠ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಒಳ್ಳೆಯ ಕೃತಿ ತಾನು ಹೇಳದಿದ್ದನ್ನೂ ಎಲ್ಲೋ ಒಂದು ಕಡೆ ಬಿಟ್ಟುಕೊಡುತ್ತೆ. 'ದಿ ರಿಜ್'ನಲ್ಲಿ ಅಂಥ ಎರಡು ಜಾಗಗಳಿವೆ.

ಒಂದು, ಹಾಡು. ಹಿನ್ನೆಲೆಯಲ್ಲಿ ಕೇಳೋದು ಮಾರ್ಟಿನ್ ಬೆನೆಟ್‌ನ 'ಬ್ಲ್ಯಾಕ್‌ಬರ್ಡ್'. ಬೆನೆಟ್ 2005ರಲ್ಲಿ, 33ನೇ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡ ಸಂಗೀತಗಾರ. ಹಳೆಯ ಜನಪದ ಗಾಯಕರ ಧ್ವನಿಮುದ್ರಣಗಳಿಗೆ ಎಲೆಕ್ಟ್ರಾನಿಕ್ ಬೀಟ್ ಜೋಡಿಸಿದವನು. ಈ ಹಾಡಿನ ದನಿ ಲಿಜ್ಜಿ ಹಿಗ್ಗಿನ್ಸ್‌ಳದ್ದು. ಆಕೆ ಸ್ಕಾಟ್ಲೆಂಡಿನ ಅಲೆಮಾರಿ ಸಮುದಾಯದವಳು. ಚಿತ್ರದಲ್ಲಿ ಕಣ್ಣಿಗೆ ಕಾಣದ ಜನ ಕಿವಿಗೆ ಕೇಳುತ್ತಾರೆ, ಅದೂ ತುಂಡು ನೆಲವಿಲ್ಲದವರ ದನಿಯಲ್ಲಿ. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆಯೋ, ಚಿತ್ರದ ಬಲ ಅರ್ಧ ಅಲ್ಲೇ ಇದೆ. ನಂಬಿಕೆ ಬರದಿದ್ದರೆ ಮ್ಯೂಟ್ ಮಾಡಿ ನೋಡಿ.

ಎರಡು, ಆ ಬೇಲಿ. ಮೆಕಾಸ್ಕಿಲ್ ಎಡಿನ್‌ಬರದಲ್ಲಿ ಸೈಕಲ್ ಮೆಕ್ಯಾನಿಕ್ ಆಗಿದ್ದಾಗ, 2009ರಲ್ಲಿ, ಅವನನ್ನು ಮೊದಲು ಜಗತ್ತಿಗೆ ಪರಿಚಯಿಸಿದ ವಿಡಿಯೊದಲ್ಲೂ ಇದ್ದದ್ದು ಬೇಲಿಯೇ. ಈಟಿಮೊನೆಗಳ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸಿದ್ದ. ನಗರದ ಬೇಲಿಯಿಂದ ಬೆಟ್ಟದ ಬೇಲಿಗೆ ಐದು ವರ್ಷ. ನಮ್ಮ ಕಡೆ ಬೇಲಿಗೆ ತಡಬೆ ಅಂತ ಇರುತ್ತೆ, ಮನುಷ್ಯರು ಕಾಲಿಟ್ಟು ದಾಟೋಕೆ ಮಾಡಿದ ಮೆಟ್ಟಿಲು. ಮನುಷ್ಯ ದಾಟಬಹುದು, ದನ ದಾಟೋ ಹಾಗಿಲ್ಲ. ಸ್ಕೈನ ಮುಳ್ಳುತಂತಿಯೂ ಮನುಷ್ಯನನ್ನು ತಡೆಯೋಕೆ ಹಾಕಿದ್ದಲ್ಲ. ಮೆಕಾಸ್ಕಿಲ್ ಲಾಗ ಹಾಕಿ ದಾಟಿದ್ದನ್ನು ನಾವು ದಂಗೆ ಅಂದುಕೊಂಡು ಶಿಳ್ಳೆ ಹೊಡಿತೀವಿ. ನಿಜಕ್ಕೂ ಅವನು ಗಾಳಿಯಲ್ಲೊಂದು ತಡಬೆ ಮಾಡಿಕೊಂಡ, ಅಷ್ಟೇ.

ಯಾಕೆಂದರೆ ಅಲ್ಲಿ ದಾಟುವ ಹಕ್ಕು ಮೊದಲೇ ಇದೆ. 2003ರ ಸ್ಕಾಟ್ಲೆಂಡ್ ಭೂ ಸುಧಾರಣಾ ಕಾಯ್ದೆ ಪ್ರಕಾರ ಬೆಟ್ಟ, ಕಾಡು, ಹುಲ್ಲುಗಾವಲು ಯಾರದ್ದೇ ಇರಲಿ, ನಡೆದೋ ಸೈಕಲ್ಲಿನಲ್ಲೋ ಕುದುರೆ ಮೇಲೋ ಯಾರು ಬೇಕಾದರೂ ಹೋಗಬಹುದು. ಮೋಟಾರು ಗಾಡಿಗೆ ಇಲ್ಲ. ಮನೆಯ ಅಂಗಳಕ್ಕೆ ನುಗ್ಗುವಂತಿಲ್ಲ. ಬೆಳೆ ನಿಂತ ಹೊಲ ತುಳಿಯುವಂತಿಲ್ಲ. ಹಕ್ಕಿನ ಜೊತೆಗೇ ಜವಾಬ್ದಾರಿಯನ್ನೂ ಬರೆದಿಟ್ಟಿದ್ದಾರೆ. ಶತಮಾನಗಳ ಜಗಳದ ನಂತರ ಸಿಕ್ಕಿದ್ದು ಇದು. ಮೆಕಾಸ್ಕಿಲ್‌ನ ಸವಾರಿ ಅಷ್ಟು ಹಗುರ, ಅಷ್ಟು ನಿರಾತಂಕ ಅನ್ನಿಸೋಕೆ ಕೆಳಗೆ ಈ ಕಾಯ್ದೆಯ ನೆಲ ಇರೋದೂ ಒಂದು ಕಾರಣ.

ಈ ದೃಷ್ಟಿಯಿಂದ ನೋಡಿದರೆ ಅವನ 2016ರ 'ವೀ ಡೇ ಔಟ್' ಇನ್ನೂ ಒಳ್ಳೆಯ ಚಿತ್ರ ಅಂತ ನನ್ನ ವಾದ. ನಮ್ಮ ಹುಡುಗರು ಒಪ್ಪಲ್ಲ, ಅವರಿಗೆ ಪ್ರಪಾತ ಬೇಕು. 'ವೀ ಡೇ ಔಟ್'ನಲ್ಲಿ ಎಡಿನ್‌ಬರದ ಸುತ್ತಲಿನ ಏರಿಳಿತದ ಹಳ್ಳಿಗಾಡು ಇದೆ. ಅವನು ರೈಲ್ವೆ ಕಂಬಿಯೊಂದರ ಮೇಲೆ ಸೈಕಲ್ ಓಡಿಸುತ್ತಾನೆ. ಗುಂಡಗೆ ಸುತ್ತಿದ ಒಣಹುಲ್ಲಿನ ದೊಡ್ಡ ಉರುಳೆಯ ಮೇಲೆ ನಿಂತು ಅದನ್ನೇ ಉರುಳಿಸುತ್ತಾನೆ. ಸಣ್ಣ ಮನೆಯೊಂದರ ಮೇಲಿಂದ ದಾಟುತ್ತಾನೆ. ಕೆಸರು ನೀರಿನ ಗುಂಡಿಗೆ ಇಳಿದರೆ ಸೈಕಲ್ ಸಮೇತ ಪೂರ್ತಿ ಮಾಯ! ಹುಲ್ಲು, ಮನೆ, ಕಂಬಿ ಎಲ್ಲವೂ ಯಾರೋ ದುಡಿದು ಮಾಡಿಟ್ಟ ವಸ್ತುಗಳು. ಹಳ್ಳಿ ಇಲ್ಲಿ ಬರೀ ಸೀನರಿ ಅಲ್ಲ, ಆಟದ ಜೊತೆಗಾರ. ಬಣವೆ ಮೇಲಿಂದ ಜಾರಿ ಬೈಸಿಕೊಂಡು ಬೆಳೆದವರಿಗೆ ಆ ನಗು ತಕ್ಷಣ ತಾಗುತ್ತೆ. ಆದರೂ ಹುಲ್ಲು ಸುತ್ತಿದ ರೈತ ಚಿತ್ರದ ಮುಖ್ಯ ಪಾತ್ರ ಆಗೋದಿಲ್ಲ. ಒಂದೇ ಒಂದು ಬೈಗುಳ ಹಾಕಿಸಿದ್ದರೆ ಚಿತ್ರ ಇನ್ನೂ ಮೇಲೇರುತ್ತಿತ್ತು.

ಇನ್ನು ಅಲ್ಲಿನ ಫಾರೆಸ್ಟ್ ಪಾರ್ಕುಗಳ ವಿಡಿಯೊಗಳು. ಗ್ಯಾಲೊವೇ ಫಾರೆಸ್ಟ್ ಪಾರ್ಕಿನಂಥ ಕಡೆ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟಕ್ಕೆ ತಕ್ಕ ಬಣ್ಣ ಕೊಟ್ಟು ಸೈಕಲ್ಲಿಗಾಗಿಯೇ ದಾರಿ ಕಟ್ಟಿದ್ದಾರೆ. ಕಾಮೆಂಟರಿಯಲ್ಲಿ 'ಕಾಡು, ಕಾಡು' ಅಂತ ಜಪ ನಡೀತಿರುತ್ತೆ. ಸವಾರ ತಿರುವಿನಲ್ಲಿ ಬಾಗಿದಾಗ ಹಿಂದಿನ ಮರಗಳನ್ನು ನೋಡಿ: ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಸಾಲಾಗಿ ನಿಂತಿವೆ. ಮೊದಲ ಮಹಾಯುದ್ಧದಲ್ಲಿ ಮರಮುಟ್ಟಿನ ಕೊರತೆ ಆಗಿ, 1919ರಲ್ಲಿ ಬ್ರಿಟನ್ ಅರಣ್ಯ ಆಯೋಗ ಮಾಡಿ ಬೆಳೆಸಿದ ನೆಡುತೋಪು ಅದು. ಬಹುಪಾಲು ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದಿಂದ ತಂದ ಮರ. ನಮ್ಮಲ್ಲಿ ನೀಲಗಿರಿ, ಅಕೇಶಿಯಾ ಹಾಕಿ ಕಾಡು ಅಂದ ಹಾಗೆ. ಸೈಕಲ್ಲಿಗೆ ಅದು ಒಳ್ಳೆಯ ಜಾಗ, ಬೇಡ ಅನ್ನಲ್ಲ. ಆದರೆ ಅದನ್ನು ಆದಿಮ ಅರಣ್ಯ ಅಂತ ಕರೆಯೋ ಕಾಮೆಂಟರಿಗೆ ಕಣ್ಣಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆ ಚಿತ್ರಗಳ ನೋಟವೇ ಈಗ ನಮ್ಮ ನೋಟ ಆಗ್ತಿದೆ. ತುರಹಳ್ಳಿ ಕಾಡನ್ನೇ ತಗೊಳ್ಳಿ. 2021ರ ಆರಂಭದಲ್ಲಿ ಅರಣ್ಯ ಇಲಾಖೆ ಅಲ್ಲಿ ಟ್ರೀ ಪಾರ್ಕ್ ಮಾಡೋಕೆ ಹೊರಟಾಗ ನಗರದ ಜನ ಬೀದಿಗಿಳಿದರು, ಕಾಡು ಕಾಡಾಗಿಯೇ ಇರಲಿ ಅಂದರು. ಅವರಲ್ಲಿ ಸೈಕಲ್ಲಿನವರೂ ಇದ್ದರು. ಅದು ಸರಿಯಾದ ಬೇಡಿಕೆಯೇ. ಆದರೆ ಕಾಡು ಉಳಿಸಿ ಅಂದವರ ವಿಡಿಯೊಗಳಲ್ಲಿ ಕಾಡು ಹೇಗಿರುತ್ತೆ? ಬರೀ ಟ್ರೇಲು, ಎಲೆ, ಬಿಸಿಲುಕೋಲು, ಇಂಗ್ಲಿಷ್ ಹಾಡು.

ಕಳೆದ ಬೇಸಿಗೆಯಲ್ಲಿ ಕನಕಪುರ ರಸ್ತೆಯ ಆಚೆ ಒಂದು ಗುಡ್ಡದ ಇಳಿಜಾರಿನಲ್ಲಿ ನಮ್ಮ ಗುಂಪಿಗೆ ಕುರಿಮಂದೆ ಎದುರಾಯಿತು. ಅದು ಕುರಿಗಳೇ ತುಳಿದು ಮಾಡಿದ ದಾರಿ. ಕುರಿ ಕಾಯೋ ಅಜ್ಜ ಮಂದೆಯನ್ನು ಪಕ್ಕಕ್ಕೆ ಹೊಡ್ಕೊಂಡು, "ಹೋಗಿ ಸಾಮಿ, ನೀವು ಹೋಗಿ" ಅಂದರು. ನಾನು, "ಇರ್ಲಿ ಯಜಮಾನ್ರೇ, ನಿಮ್ಮ ಕುರಿ ಮೊದಲು ದಾಟ್ಲಿ" ಅಂದೆ. ಎರಡು ನಿಮಿಷ ನಿಂತೆವು. ಸಂಜೆ ಗ್ರೂಪಿಗೆ ವಿಡಿಯೊ ಬಂತು. ಅಜ್ಜನೂ ಇಲ್ಲ, ಕುರಿಯೂ ಇಲ್ಲ. ಯಾಕೋ ತೆಗೆದೆ ಅಂದರೆ ಎಡಿಟ್ ಮಾಡಿದ ಗೆಳೆಯ, "ಫ್ಲೋ ಹೋಗುತ್ತೆ ಮಗಾ" ಅಂದ. ಕೆಳಗೆ ಕ್ಯಾಪ್ಷನ್: 'ವರ್ಜಿನ್ ಟ್ರೇಲ್'.

ಕಟ್ ಆಗಿದ್ದು ಎರಡು ನಿಮಿಷದ ಕುರಿ, ನಿಜ. ಆದರೆ ಸ್ಕೈನಲ್ಲಿ ಜನರನ್ನು ಎಬ್ಬಿಸಿದ ಮೇಲೆ ಬೆಟ್ಟ ಖಾಲಿ ಕಂಡಿತು. ನಾವು ಜನ ಇರೋವಾಗಲೇ ಖಾಲಿ ಅಂತ ತೋರಿಸ್ತಿದ್ದೀವಿ. ನಾಳೆ ಆ ಗುಡ್ಡಕ್ಕೆ ರೆಸಾರ್ಟ್ ಬಂದರೆ, ಲೇಔಟ್ ಬಂದರೆ, ಸುತ್ತ ಬೇಲಿ ಬಿದ್ದರೆ, "ಅಲ್ಲಿ ಯಾರೂ ಇರಲಿಲ್ಲ" ಅನ್ನೋಕೆ ನಮ್ಮ ವಿಡಿಯೊಗಳೇ ಸಾಕ್ಷಿ. ಆ ಬೇಲಿಗೆ ತಡಬೆ ಇರಲ್ಲ. ಅಜ್ಜನ ಕುರಿ ಆಚೆ ಉಳಿಯುತ್ತೆ, ನಮ್ಮ ಸೈಕಲ್ಲೂ ಆಚೆಯೇ ಉಳಿಯುತ್ತೆ. ನಮ್ಮಲ್ಲಿ ಅದನ್ನು ದಾಟೋಕೆ 2003ರ ಕಾಯ್ದೆಯಂಥದ್ದು ಇಲ್ಲ, ಲಾಗ ಹಾಕೋಕೆ ಮೆಕಾಸ್ಕಿಲ್‌ನ ಕಾಲೂ ಇಲ್ಲ.

'ದಿ ರಿಜ್' ನೋಡಬೇಡಿ ಅನ್ನಲ್ಲ. ನೋಡಿ, ಹಾಡು ಕಿವಿಗೊಟ್ಟು ಕೇಳಿ, ಬೇಲಿ ಬಂದಾಗ ಒಂದು ಸಲ ಪಾಸ್ ಒತ್ತಿ. ನಿಮ್ಮ ಮುಂದಿನ ಭಾನುವಾರದ ವಿಡಿಯೊದಲ್ಲಿ ಕುರಿ ಅಡ್ಡ ಬಂದರೆ ದಯವಿಟ್ಟು ಅದನ್ನು ಕಟ್ ಮಾಡಬೇಡಿ.