ಎಕರೆಗೆ ಎಷ್ಟು? – ಒಂದು ಅಳತೆಗೋಲಿನ ವಿಮರ್ಶೆ

ಸಣ್ಣ ಹಿಡುವಳಿಯ ಬೇಸಾಯ ಮೇಲೋ, ನೂರಾರು ಎಕರೆಯಲ್ಲಿ ಯಂತ್ರಗಳಿಂದ ನಡೆಸುವ ಬೃಹತ್ ಬೇಸಾಯ ಮೇಲೋ ಎಂಬ ಚರ್ಚೆ ಹಳೆಯದು. ತುಂಡು ಜಮೀನು ದೇಶದ ಹೊಟ್ಟೆ ತುಂಬಿಸಲಾರದು ಎಂದು ಒಂದು ಪಕ್ಷ ವಾದಿಸುತ್ತದೆ. ಸಣ್ಣ ರೈತನೇ ಜಗತ್ತಿನ ಅನ್ನದಾತ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಇಬ್ಬರೂ ಹಿಡಿದಿರುವ ಅಳತೆಗೋಲು ಮಾತ್ರ ಒಂದೇ: ಎಕರೆಗೆ ಎಷ್ಟು ಕ್ವಿಂಟಾಲ್? ಈ ಅಳತೆಗೋಲನ್ನೇ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವಳ್ಳೂರಿನ ಕಡೆ ಒಳ್ಳೆಯ ಉದಾಹರಣೆಯಿದೆ.

ಮೊದಲು ಗಾತ್ರವನ್ನು ನೋಡೋಣ. 2015–16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಸುಮಾರು 2.7 ಎಕರೆ. ಅಮೆರಿಕದಲ್ಲಿ 2022ರ ಗಣತಿಯಂತೆ ಇದು 463 ಎಕರೆ. ಅಲ್ಲಿ ಒಬ್ಬ ಮನುಷ್ಯನ ಒಂದು ಗಂಟೆಯ ದುಡಿಮೆಗೆ ಬರುವ ಧಾನ್ಯ ನಮ್ಮಲ್ಲಿಗಿಂತ ಬಹುಪಾಲು ಹೆಚ್ಚು. ಆದರೆ ಎಕರೆಯ ಲೆಕ್ಕ ಬೇರೆ. 1950ರ ದಶಕದ ಭಾರತೀಯ ಕೃಷಿ ಸಮೀಕ್ಷೆಗಳನ್ನು ಪರಿಶೀಲಿಸಿದ ಅಮರ್ತ್ಯ ಸೇನ್, ಹಿಡುವಳಿ ಚಿಕ್ಕದಾದಂತೆ ಎಕರೆಯ ಉತ್ಪನ್ನ ಹೆಚ್ಚುತ್ತದೆ ಎಂಬುದನ್ನು 1962ರಲ್ಲಿ ಚರ್ಚೆಗೆ ತಂದರು. 2021ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, 2 ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗಳು ಜಗತ್ತಿನ ಕೃಷಿಭೂಮಿಯ ಸುಮಾರು ಶೇ. 12ರಲ್ಲಿ ಶೇ. 35ರಷ್ಟು ಆಹಾರ ಬೆಳೆಯುತ್ತವೆ. ಇದು ಸಣ್ಣ ಸಾಧನೆಯಲ್ಲ. ಆದರೂ ಸಣ್ಣ ರೈತರೇ ಜಗತ್ತಿನ ಶೇ. 70ರಷ್ಟು ಆಹಾರ ಕೊಡುತ್ತಾರೆಂಬ ಪ್ರಚಲಿತ ಮಾತಿನ ಅರ್ಧದಷ್ಟು ಮಾತ್ರ.

ಸಣ್ಣ ಹೊಲದ ಈ ಹೆಚ್ಚಳ ಎಲ್ಲಿಂದ ಬಂತು? ಒಂದು ಕಾರಣ, ಮನೆಯವರೆಲ್ಲರ ದುಡಿಮೆ. ಅದಕ್ಕೆ ಯಾರೂ ಕೂಲಿ ಬರೆದಿಡುವುದಿಲ್ಲ. ಆದ್ದರಿಂದ ಇದನ್ನು ಬರೀ ಹೆಗ್ಗಳಿಕೆಯೆಂದು ಹೇಳುವುದು ಸರಿಯಲ್ಲ. ಇನ್ನೊಂದು ಕಾರಣ, ಮಿಶ್ರಬೆಳೆ. ನಮ್ಮ ಬಯಲುಸೀಮೆಯ ಅಕ್ಕಡಿ ಸಾಲು ಇದಕ್ಕೆ ಮಾದರಿ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ರಾಗಿ ಕೊಯ್ಲಾದ ಮೇಲೂ ತೊಗರಿ ಹೊಲದಲ್ಲಿದ್ದು ಉಳಿದ ತೇವವನ್ನು ಬಳಸುತ್ತದೆ. ಅದರ ಬೇರುಗಂಟಿನ ರೈಜೋಬಿಯಂ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ.

ಇದನ್ನು ಅಳೆಯಲು ಕೃಷಿ ವಿಜ್ಞಾನಿಗಳು ಭೂ ಸಮಾನತಾ ಅನುಪಾತವನ್ನು ಬಳಸುತ್ತಾರೆ. ಒಂದು ಎಕರೆಯಲ್ಲಿ ರಾಗಿ ಮಾತ್ರ ಬಿತ್ತಿದರೆ 10 ಕ್ವಿಂಟಾಲ್, ತೊಗರಿ ಮಾತ್ರ ಬಿತ್ತಿದರೆ 4 ಕ್ವಿಂಟಾಲ್ ಎಂದು ಭಾವಿಸೋಣ. ಎರಡನ್ನೂ ಕೂಡಿಸಿ ಬಿತ್ತಿದಾಗ 8 ಕ್ವಿಂಟಾಲ್ ರಾಗಿ, 2 ಕ್ವಿಂಟಾಲ್ ತೊಗರಿ ಸಿಕ್ಕರೆ ಅನುಪಾತ 0.8 + 0.5 = 1.3. ಅಂದರೆ ಇಷ್ಟನ್ನೇ ಬೇರೆ ಬೇರೆಯಾಗಿ ಬೆಳೆಯಲು 1.3 ಎಕರೆ ಬೇಕು. ಆದರೆ 'ರಾಗಿ ಎಕರೆಗೆ ಎಷ್ಟು?' ಎಂದಷ್ಟೇ ಕೇಳಿದರೆ ಈ ಹೊಲ ಸೋತಂತೆ ಕಾಣುತ್ತದೆ!

ಈಗ ಪಾವಗಡಕ್ಕೆ ಬರೋಣ. ಮಳೆ ಕಡಿಮೆಯಿರುವ ಈ ತಾಲ್ಲೂಕಿನ ಮುಖ್ಯ ಬೆಳೆ ಕಡಲೆಕಾಯಿ. ಹಿಡುವಳಿಗಳು ಸಣ್ಣವೇ, ಆದರೆ ಬೆಳೆ ದೂರದ ಎಣ್ಣೆ ಮಾರುಕಟ್ಟೆಗೆ ಕಟ್ಟುಬಿದ್ದದ್ದು. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಇಂತಹ ಬೆಳೆಗೆ ಉತ್ತೇಜನ ಕೊಟ್ಟಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದಾಗ ಅದು ಅಗ್ಗದ ಆಮದಿನ ಎದುರು ನಿಲ್ಲಬೇಕಾಯಿತು. ಹೊಲ ಚಿಕ್ಕದಾದ ಮಾತ್ರಕ್ಕೆ ಬೇಸಾಯ ಸ್ವಾವಲಂಬಿಯಾಗುವುದಿಲ್ಲ. ಗಾತ್ರ ಬೇರೆ, ವೈವಿಧ್ಯ ಬೇರೆ ಎಂಬುದಕ್ಕೆ ಇದೇ ಸಾಕ್ಷಿ.

ವಳ್ಳೂರು, ತಿರುಮಣಿ ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಇಂದು ಇರುವುದು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್. ಇದು 2018ರಲ್ಲಿ ಉದ್ಘಾಟನೆಯಾಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆಯೊಡನೆ ಗುತ್ತಿಗೆಗೆ ಪಡೆಯಲಾಯಿತು. ಮಳೆ ಕೈಕೊಟ್ಟ ವರ್ಷವೂ ಬರುವ ಈ ಹಣವನ್ನು ಒಪ್ಪಿಕೊಂಡ ರೈತರನ್ನು ದೂರುವಂತಿಲ್ಲ. ಇಂಗಾಲ ಉಗುಳದ ವಿದ್ಯುತ್ತೂ ನಮಗೆ ಬೇಕು. ಆದರೆ 'ಎಕರೆಗೆ ಎಷ್ಟು?' ಎಂಬ ಲೆಕ್ಕದಲ್ಲಿ ಜಮೀನಿಲ್ಲದವರು ಎಲ್ಲಿದ್ದಾರೆ? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ, ಕುರಿ ಮೇಯುವ ಬೀಳು, ದನಕ್ಕೆ ಕಡಲೆ ಹೊಟ್ಟು, ಕುರಿ ಮಂದೆಯ ಗೊಬ್ಬರ – ಇವು ಯಾವುದೂ ಪಹಣಿಯಲ್ಲಿ ಬರೆದಿಲ್ಲ. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿರುವವರಿಗೆ ಮಾತ್ರ ಸಲ್ಲುತ್ತದೆ. ಅಳತೆಗೋಲಿನ ದೋಷ ಇಲ್ಲಿ ಬರೀ ಲೆಕ್ಕದ ದೋಷವಾಗಿ ಉಳಿಯದೆ ಬದುಕಿನ ನಷ್ಟವಾಗುತ್ತದೆ.

ಸ್ಥಳೀಯ ಆಹಾರದ ಪರವಾದ ವಾದವನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ದೂರದಿಂದ ಬಂದ ಆಹಾರವೆಲ್ಲ ಪರಿಸರಕ್ಕೆ ಕೇಡು ಎನ್ನುವುದು ಅವಸರದ ತೀರ್ಮಾನ. ಅಮೆರಿಕದ ಕುಟುಂಬಗಳ ಆಹಾರದಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಸುಮಾರು ಶೇ. 11, ಉತ್ಪಾದನೆಯ ಪಾಲು ಶೇ. 83 ಎಂದು 2008ರ ಒಂದು ಅಧ್ಯಯನ ತೋರಿಸಿತು. ಪಾವಗಡದಂತಹ ಕಡೆ ಸ್ಥಳೀಯ ಆಹಾರದ ನಿಜವಾದ ಬೆಲೆ ಕಿಲೋಮೀಟರಿನಲ್ಲಿಲ್ಲ. ಅಕ್ಕಡಿಯ ಅವರೆ, ತೊಗರಿ, ಅಲಸಂದೆ ಹಣವಿಲ್ಲದ ತಿಂಗಳಿನಲ್ಲೂ ಮನೆಯ ಸಾರಿಗೆ ಪ್ರೋಟೀನ್ ಒದಗಿಸುತ್ತವೆ. ಒಂದು ಬೆಳೆ ಹೋದರೆ ಇನ್ನೊಂದು ಉಳಿಯುತ್ತದೆ.

ಆದ್ದರಿಂದ ಸಣ್ಣದು–ದೊಡ್ಡದು ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಒಂದು ಎಕರೆಯನ್ನು ಹಲವು ಬಗೆಯಲ್ಲಿ ಅಳೆಯುವುದನ್ನು ಕಲಿಯಬೇಕಾಗಿದೆ. ಶಿಕ್ಷಕರು ಮಕ್ಕಳಿಂದ ಊರಿನ ಎರಡು ಹೊಲಗಳ ಲೆಕ್ಕ ಬರೆಸಬಹುದು. ಒಂದು ಒಂಟಿ ಬೆಳೆಯದು, ಇನ್ನೊಂದು ಅಕ್ಕಡಿಯದು. ಎಲ್ಲ ಕಾಳುಗಳ ತೂಕ, ಮೇವು, ದುಡಿದ ಆಳುದಿನ, ಗೊಬ್ಬರ–ಔಷಧಿಯ ಖರ್ಚು, ಬಿದ್ದ ಮಳೆ, ಆ ಹೊಲದಿಂದ ಅನ್ನ ಕಂಡವರ ಸಂಖ್ಯೆ – ಇಷ್ಟನ್ನು ಒಂದು ಪಟ್ಟಿಯಲ್ಲಿ ಬರೆಯಲಿ. ಯಾವ ಹೊಲ ಗೆಲ್ಲುತ್ತದೆಂದು ಮೊದಲೇ ಹೇಳುವುದು ಬೇಡ. ಆದರೆ ನಾಳೆ ನಿಮ್ಮ ಊರಿನ ಜಮೀನನ್ನೂ ಯಾರಾದರೂ 'ಇದರಿಂದ ಏನು ಬರುತ್ತದೆ?' ಎಂದು ಕೇಳಿದಾಗ, ಉತ್ತರ ಕೊಡಲು ಆ ಪಟ್ಟಿ ಬೇಕಾಗುತ್ತದೆ.