ಗಾಡಿ ಮತ್ತೆ ಯಾವಾಗ ಬರುತ್ತದೆ?

ಇಟ್ಟಮಡುವಿನಿಂದ ಜಯನಗರದ ಸಾರ್ವಜನಿಕ ಆಸ್ಪತ್ರೆಗೆ ಇರುವ ಅಂತರ ಏಳೆಂಟು ಕಿಲೋಮೀಟರುಗಳನ್ನು ಮೀರುವುದಿಲ್ಲ. ನಕ್ಷೆಯನ್ನು ಹರಡಿಕೊಂಡು ಯೋಜನೆ ರೂಪಿಸುವವರ ಕಣ್ಣಿಗೆ ಅದು ಅಂತರವೇ ಅಲ್ಲ. ಆದರೆ ಬನಶಂಕರಿ, ಪದ್ಮನಾಭನಗರಗಳ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬದುಕುವ ಹೆಣ್ಣುಮಗಳಿಗೆ ಆ ಆಸ್ಪತ್ರೆ ಒಂದು ದಿನದ ಸಂಪಾದನೆಯಷ್ಟು ದೂರ. ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿರುವ ಮೊಣಕಾಲು ನೋವಿನ ವೃದ್ಧೆಗೆ ನಲವತ್ತು ಮೆಟ್ಟಿಲುಗಳಷ್ಟು ದೂರ. ಹಳ್ಳಿಯಲ್ಲಿ ರೋಗಿಗೂ ವೈದ್ಯರಿಗೂ ನಡುವೆ ಗುಡ್ಡವೋ ಹೊಳೆಯೋ ಅಡ್ಡ ನಿಂತಿರುತ್ತದೆ. ನಗರದಲ್ಲಿ ಅಡ್ಡ ನಿಲ್ಲುವುದು ಆಟೋ ಬಾಡಿಗೆ, ಸರದಿಯ ಸಾಲು, ಜೊತೆಗೆ ಬರಲು ಯಾರೂ ಇಲ್ಲದ ಒಂಟಿತನ.

ಆದ್ದರಿಂದಲೇ ಕೆಲವು ವರ್ಷಗಳ ಹಿಂದೆ ಸಂಚಾರಿ ಚಿಕಿತ್ಸಾಲಯವೊಂದು ನಮ್ಮ ಬಡಾವಣೆಗೆ ಬರುವುದೆಂದು ತಿಳಿದಾಗ ಅತ್ಯಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕರಪತ್ರವನ್ನು ಬರೆದುಕೊಟ್ಟವನು ನಾನೇ. ಮನೆಮನೆಗೆ ಹೋಗಿ ಜನರನ್ನು ಕರೆದು ಬಂದವರಲ್ಲಿಯೂ ನಾನಿದ್ದೆ. ಬಿಳಿಯ ಬಣ್ಣದ ದೊಡ್ಡ ವಾಹನ, ಒಳಗೆ ಪರೀಕ್ಷೆಯ ಮಂಚ, ಪುಟ್ಟ ಪ್ರಯೋಗಾಲಯ, ಔಷಧಿಯ ಕಪಾಟು. ವಾಹನದ ಮೈಮೇಲೆ ದಾನಿಗಳ ಹೆಸರುಗಳು ಔಷಧಿಗಳ ಹೆಸರುಗಳಿಗಿಂತ ದಪ್ಪ ಅಕ್ಷರಗಳಲ್ಲಿದ್ದವು. ಅದನ್ನು ದೋಷವೆಂದು ಅಂದು ನಾನು ಎಣಿಸಲಿಲ್ಲ. ಗಲ್ಲಿಗಳು ಕಿರಿದಾದ ಕಾರಣ ವಾಹನ ಮುಖ್ಯರಸ್ತೆಯಲ್ಲಿಯೇ ನಿಂತಿತು.

ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಓರ್ವ ಅಜ್ಜಿಯನ್ನು ನಾವು ನಾಲ್ವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು ಮಾಳಿಗೆಯ ಮೂಲಕ ಇಳಿಸಿದ ಶುಭಸಂದೇಶದ ಪ್ರಸಂಗ ಆಗ ನೆನಪಾಯಿತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆಕೆಯ ಸಕ್ಕರೆಯ ಪ್ರಮಾಣ ವಿಪರೀತವಾಗಿತ್ತು, ಬಲಗಾಲಿನ ಬೆರಳಲ್ಲಿ ಮಾಗದ ಹುಣ್ಣಿತ್ತು. ಹತ್ತು ದಿನಗಳ ಮಾತ್ರೆ, ದೊಡ್ಡ ಆಸ್ಪತ್ರೆಗೆ ಹೋಗಬೇಕೆಂಬ ಒಂದು ಚೀಟಿ, ಒಂದು ಭಾವಚಿತ್ರ. ಸಂಜೆ ವಾಹನ ಹೊರಟುಹೋಯಿತು. ಹನ್ನೆರಡನೆಯ ದಿನ ಅಜ್ಜಿ ನನ್ನನ್ನು ಕೇಳಿದರು: "ಆ ಗಾಡಿ ಮತ್ತೆ ಯಾವಾಗ ಬರುತ್ತೆ ಸಾರ್?" ನನ್ನಲ್ಲಿ ಉತ್ತರವಿರಲಿಲ್ಲ. ಕರಪತ್ರದಲ್ಲಿ ಎರಡನೆಯ ದಿನಾಂಕವನ್ನು ನಾನು ಬರೆದಿರಲಿಲ್ಲ, ಯಾರೂ ನನಗೆ ಅದನ್ನು ಕೊಟ್ಟಿರಲಿಲ್ಲ. ಅವರು ಚೀಟಿ ಹಿಡಿದು ಆಸ್ಪತ್ರೆಗೆ ಹೋದದ್ದು ಎರಡು ತಿಂಗಳ ನಂತರ, ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂದಾಗ.

ನನ್ನ ಆಕ್ಷೇಪ ವಾಹನದ ಮೇಲಲ್ಲ. ಚಿಕಿತ್ಸೆಯನ್ನು ರೋಗಿಯ ಬಳಿಗೆ ಒಯ್ಯುವ ಆಲೋಚನೆ ನಮ್ಮ ನೆರೆಹೊರೆಯಲ್ಲಿಯೇ ಶತಮಾನ ದಾಟಿದ್ದು. ವೆಲ್ಲೂರಿನ ಡಾ. ಐಡಾ ಸ್ಕಡರ್ 1909ರಲ್ಲಿ ತಮಗೆ ದೊರೆತ ಒಂದೇ ಸಿಲಿಂಡರಿನ ಪುಟ್ಟ ಕಾರಿನಲ್ಲಿ ಗುಡಿಯಾತ್ತಂ ಮಾರ್ಗವಾಗಿ ಹೊರಟು, ಮರದ ನೆರಳಿನಲ್ಲಿ ಕಾದು ಕುಳಿತವರಿಗೆ ರಸ್ತೆಬದಿಯಲ್ಲಿಯೇ ಚಿಕಿತ್ಸೆ ನೀಡುತ್ತಿದ್ದರು. ಆ ಸೇವೆಯಲ್ಲಿ ಕಾರೇ ಮುಖ್ಯವೆಂದು ಭಾವಿಸುವವರಿದ್ದಾರೆ. ಅದೇ ಹಾದಿ, ಅದೇ ಮರ, ವಾರದ ಗೊತ್ತಾದ ದಿನ ಎಂಬುದು ನನಗೆ ಕಾರಿಗಿಂತ ಮುಖ್ಯವಾಗಿ ತೋರುತ್ತದೆ. ಈ ವಾರ ಹುಣ್ಣಿಗೆ ಕಟ್ಟು ಹಾಕಿಸಿಕೊಂಡವನು ಬರುವ ವಾರ ಅದನ್ನು ಬಿಚ್ಚಿಸಿಕೊಳ್ಳಲು ಬರಬಹುದಾಗಿತ್ತು.

ಬೆಂಗಳೂರಿನಲ್ಲಿಯೇ ಇನ್ನೂ ಸ್ಪಷ್ಟವಾದ ಸಾಕ್ಷ್ಯವಿದೆ. ನಾವು ಅದನ್ನು ಏಕೋ ಹೆಚ್ಚು ಸ್ಮರಿಸುವುದಿಲ್ಲ. 1980ರ ದಶಕದ ಆರಂಭದಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಎಸ್. ಪೈ ಮತ್ತು ಆರ್. ಎಲ್. ಕಪೂರ್ ಅವರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗಕ್ಕೆ ತುತ್ತಾದವರ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. 27 ಮಂದಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡು ಚಿಕಿತ್ಸೆ ನೀಡಲಾಯಿತು. ಉಳಿದ 27 ಮಂದಿ ಮನೆಯಲ್ಲಿಯೇ ಉಳಿದರು, ದಾದಿಯೊಬ್ಬರು ಅವರ ಮನೆಗಳಿಗೆ ಹೋಗಿಬರುತ್ತಿದ್ದರು. ಆರು ತಿಂಗಳ ನಂತರ ಮನೆಯಲ್ಲಿ ಚಿಕಿತ್ಸೆ ಪಡೆದವರ ಸ್ಥಿತಿಯೇ ಉತ್ತಮವಾಗಿತ್ತು, ಕುಟುಂಬದ ಮೇಲಿನ ಹೊರೆ ಬಹುಮಟ್ಟಿಗೆ ತಗ್ಗಿತ್ತು, ಖರ್ಚೂ ಕಡಿಮೆಯಾಗಿತ್ತು. 1983ರಲ್ಲಿ ಪ್ರಕಟವಾದ ಈ ಫಲಿತಾಂಶದ ಕೇಂದ್ರದಲ್ಲಿ ಇರುವುದು ಹೋಗಿಬರುವ ಒಬ್ಬ ದಾದಿ, ಅಷ್ಟೇ. ಸಂಚಾರಿ ಚಿಕಿತ್ಸಾಲಯವೆಂದರೆ ಲಕ್ಷಾಂತರ ರೂಪಾಯಿಯ ವಾಹನವೆಂದೇ ಭಾವಿಸಿ ನಿಧಿ ಸಂಗ್ರಹಕ್ಕೆ ಹೊರಡುವ ನಮ್ಮ ಸಂಘಗಳು ಈ ದಾದಿಯನ್ನು ಗಮನಿಸಬೇಕಾಗಿತ್ತು.

ಕರುಣಾಶ್ರಯದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರಿಗಾಗಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಮೊದಲು ಕೈಗೊಂಡದ್ದು ಮನೆಗೆ ಹೋಗಿ ಆರೈಕೆ ಮಾಡುವ ಕೆಲಸವನ್ನು. ಮಾರತ್‌ಹಳ್ಳಿಯ ಬಳಿಯ ಆಶ್ರಯಧಾಮ ತೆರೆದದ್ದು 1999ರಲ್ಲಿ. ಸಾಯುತ್ತಿರುವವನ ಮನೆಗೆ ಒಂದೇ ಬಾರಿ ಹೋಗಿ, ನೋವು ಎಷ್ಟಿದೆಯೆಂದು ಕೇಳಿ, ಬರೆದುಕೊಂಡು ಹಿಂದಿರುಗುವುದು ಎಷ್ಟು ಕ್ರೂರವೆಂದು ಯಾರೂ ವಿವರಿಸಬೇಕಾಗಿಲ್ಲ. ಮಧುಮೇಹ, ರಕ್ತದೊತ್ತಡಗಳ ವಿಷಯದಲ್ಲಿ ಅದೇ ಕ್ರೌರ್ಯ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಆ ರೋಗಿ ಅಂದು ನಗುತ್ತ ಮೆಟ್ಟಿಲು ಹತ್ತಿಹೋಗಿರುತ್ತಾನೆ. ಜೀವಮಾನವಿಡೀ ಇರುವ ರೋಗವನ್ನು ಪತ್ತೆ ಮಾಡಿ ಹತ್ತು ದಿನದ ಔಷಧಿ ಕೊಡುವುದನ್ನು ಸೇವೆಯೆಂದು ಕರೆಯಲು ನನಗೆ ಇನ್ನು ಸಾಧ್ಯವಿಲ್ಲ.

ಸರ್ಕಾರದ ಅಳತೆಗೋಲೂ ಈ ಭ್ರಮೆಗೆ ನೀರೆರೆದಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿ ಹತ್ತು ಲಕ್ಷ ಜನಸಂಖ್ಯೆಗೆ ಒಂದು ಸಂಚಾರಿ ಘಟಕವೆಂದು ನಿಗದಿ ಮಾಡಿ, ಬಯಲು ಪ್ರದೇಶದಲ್ಲಿ ದಿನಕ್ಕೆ 60, ಗುಡ್ಡಗಾಡಿನಲ್ಲಿ 30 ರೋಗಿಗಳನ್ನು ಮೀರಿದಲ್ಲಿ ಮತ್ತೊಂದು ಘಟಕ ಪಡೆಯಲು ಸಡಿಲಿಕೆ ನೀಡಿತು. ಬೇಡಿಕೆ ಹೆಚ್ಚಿದ್ದಲ್ಲಿ ಸೌಲಭ್ಯ ಹೆಚ್ಚಬೇಕೆಂಬುದು ನ್ಯಾಯವೇ. ಆದರೆ ಎಣಿಕೆ ನಡೆಯುವುದು ಬಂದ ತಲೆಗಳದ್ದು. ಆರು ಗಂಟೆಗಳ ಕೆಲಸವೆಂದು ಹಿಡಿದರೆ 60 ಮಂದಿಗೆ ತಲಾ ಆರು ನಿಮಿಷ. ಹೊಸಬರು ಎಷ್ಟು, ಎರಡನೆಯ ಬಾರಿ ಬಂದವರು ಎಷ್ಟು, ಕಳೆದ ಬಾರಿ ಬಂದು ಈ ಬಾರಿ ಬಾರದೆ ಉಳಿದವರು ಯಾರು? ಕೊನೆಯ ಪ್ರಶ್ನೆಯೇ ಮೊದಲಿನದಾಗಬೇಕಿತ್ತು. ಬಾರದವರ ಮನೆಯನ್ನು ಹುಡುಕಿಕೊಂಡು ಹೋಗಲು ದೊಡ್ಡ ವಾಹನ ಉಪಯೋಗಕ್ಕೆ ಬರುವುದೂ ಇಲ್ಲ; ಅದು ಮುಖ್ಯರಸ್ತೆಯಲ್ಲಿಯೇ ನಿಲ್ಲುತ್ತದೆ.

ತಮಿಳುನಾಡು 2021ರ ಆಗಸ್ಟ್‌ನಲ್ಲಿ ಆರಂಭಿಸಿದ, ಜನರನ್ನು ಅರಸಿ ಹೋಗುವ ವೈದ್ಯಸೇವೆ ಎಂಬರ್ಥದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹ. ಅದು ಮೊದಲ್ಗೊಂಡದ್ದು ಕನ್ನಡಿಗರೂ ನೆಲೆಸಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಮನೆಗೆ ತಲುಪಿಸುವವರು ಬಹುಪಾಲು ಸ್ಥಳೀಯ ಮಹಿಳೆಯರೇ. ಮಾತ್ರೆ ಮುಗಿಯುವ ಮುನ್ನ ಅವರು ಮತ್ತೆ ಬರಬೇಕೆಂಬುದು ಯೋಜನೆಯ ತಿರುಳು. ಕರ್ನಾಟಕವೂ 2024ರಲ್ಲಿ ಕೋಲಾರದಿಂದ 'ಗೃಹ ಆರೋಗ್ಯ'ವನ್ನು ಪ್ರಾರಂಭಿಸಿತು. ಬೆಂಗಳೂರಿನ ಪಾಲಿಗೆ 2023ರಲ್ಲಿ 'ನಮ್ಮ ಕ್ಲಿನಿಕ್'ಗಳು ಬಂದವು. ಒಳ್ಳೆಯ ಹೆಜ್ಜೆ. ಆದರೆ ಆರಂಭದಲ್ಲಿ ಅವುಗಳ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30, ನಮ್ಮ ಮನೆಗೆಲಸದವರೂ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ದುಡಿಮೆಯಲ್ಲಿರುವ ಹೊತ್ತು ಅದೇ.

ಒಂದು ಪ್ರತಿವಾದವನ್ನು ನಾನು ಮರೆಮಾಚಲಾರೆ. ಏನೂ ಇಲ್ಲದಿರುವುದಕ್ಕಿಂತ ಒಮ್ಮೆ ಬಂದುಹೋಗುವ ವಾಹನವಾದರೂ ಲೇಸಲ್ಲವೇ, ಎಂದು ಒಬ್ಬ ಹಿರಿಯ ವೈದ್ಯರು ನನ್ನನ್ನು ಕೇಳಿದ್ದರು. ಕಣ್ಣಿನ ಪೊರೆಯಂತಹ, ಒಂದೇ ಶಸ್ತ್ರಚಿಕಿತ್ಸೆಯಿಂದ ಪರಿಹಾರವಾಗುವ ತೊಂದರೆಗಳಲ್ಲಿ ಅವರ ಮಾತು ದಿಟ. ಉಳಿದವುಗಳಲ್ಲಿ, ವಾಹನ ಬಂದುಹೋದ ಬಡಾವಣೆಯನ್ನು 'ತಲುಪಿದ' ಬಡಾವಣೆಯೆಂದು ವರದಿಯಲ್ಲಿ ನಮೂದಿಸಿ ಮುಂದಿನ ವರ್ಷ ಬಿಟ್ಟುಬಿಡುತ್ತಾರೆ. ಏನೂ ಇಲ್ಲದಿದ್ದಿದ್ದರೆ ಅದರ ಹೆಸರು ಬೇಡಿಕೆಯ ಪಟ್ಟಿಯಲ್ಲಾದರೂ ಉಳಿಯುತ್ತಿತ್ತು.

1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಕೂಡಿ ಆರೋಗ್ಯ ಸಹಕಾರ ಸಂಘವನ್ನು ಕಟ್ಟಿದವು. ಹಾಲಿನ ಹಣದಲ್ಲಿ ಒಂದು ಪಾಲು ವೈದ್ಯಸೇವೆಗೆ ಸಲ್ಲುತ್ತಿತ್ತು. ಅಲ್ಲಿನ ರೈತ, ವೈದ್ಯರು ಏಕೆ ಬರಲಿಲ್ಲವೆಂದು ಕೇಳಬಲ್ಲವನಾಗಿದ್ದ. ಇಟ್ಟಮಡುವಿನ ನಮ್ಮ ಅಜ್ಜಿ ಕೇಳಿದ್ದು ಪ್ರಶ್ನೆಯನ್ನಲ್ಲ, ಬೇಡಿಕೆಯನ್ನೂ ಅಲ್ಲ. ದಾನ ಪಡೆದವಳ ಸಂಕೋಚ ಅವರ ದನಿಯಲ್ಲಿತ್ತು.

ಈಗ ಯಾರಾದರೂ ವೈದ್ಯಕೀಯ ವಾಹನ ತರುವೆವೆಂದು ಬಂದರೆ ಕರಪತ್ರ ಬರೆಯುವ ಮೊದಲು ನಾನು ಎರಡನೆಯ ಮತ್ತು ಮೂರನೆಯ ಭೇಟಿಯ ದಿನಾಂಕಗಳನ್ನು ಕೇಳುತ್ತೇನೆ. ಕಳೆದ ಬಾರಿ ಬಂದಿದ್ದ ಇಬ್ಬರು ಸಜ್ಜನರು ಪರಸ್ಪರ ಮುಖ ನೋಡಿಕೊಂಡು, ಕಚೇರಿಯಲ್ಲಿ ವಿಚಾರಿಸಿ ತಿಳಿಸುವೆವೆಂದು ಹೇಳಿ, ಕಾಫಿ ಕುಡಿದು ಹೊರಟರು.