ರಸ್ಟ್ ಕಲಿಸುವ ಕಂಪೈಲರ್

ಪೈಥಾನ್, ಜಾವಾ ಚೆನ್ನಾಗಿ ಬಲ್ಲವರೂ ರಸ್ಟ್ ಕಲಿಯಲು ಹೊರಟರೆ ಮೊದಲು ಹುಡುಕುವುದು ವಿಡಿಯೊಗಳನ್ನು. ಅದಕ್ಕಿಂತ ಒಳ್ಳೆಯದು ಭಾಷೆಯ ಜೊತೆಗೇ ಸಿಗುತ್ತದೆ. ಸ್ಟೀವ್ ಕ್ಲಾಬ್ನಿಕ್ ಮತ್ತು ಕ್ಯಾರೊಲ್ ನಿಕೋಲ್ಸ್ ಬರೆದ ‘ದ ರಸ್ಟ್ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಪುಸ್ತಕವನ್ನು ರಸ್ಟ್ ಬಳಗದಲ್ಲಿ ‘ದ ಬುಕ್’ ಎಂದಷ್ಟೇ ಕರೆಯುತ್ತಾರೆ. ‘ರಸ್ಟ್‌ಅಪ್ ಡಾಕ್ --ಬುಕ್’ ಎಂದು ಟೈಪ್ ಮಾಡಿದರೆ ಇಂಟರ್ನೆಟ್ ಇಲ್ಲದಿದ್ದರೂ ಅದು ತೆರೆದುಕೊಳ್ಳುತ್ತದೆ.

ಎರಡನೇ ಅಧ್ಯಾಯದ ಸಂಖ್ಯೆ ಊಹಿಸುವ ಆಟವನ್ನು ಬೇಗ ಮುಗಿಸಿ. ನಾಲ್ಕನೆಯದರಲ್ಲಿ ಮಾತ್ರ ಅವಸರ ಬೇಡ. ರಸ್ಟ್‌ನ ಜೀವಾಳ ಇರುವುದೇ ಅಲ್ಲಿ. ಸಿ ಭಾಷೆಯಲ್ಲಿ ಮೆಮೊರಿ ಬಿಡಿಸುವುದು ಕೋಡ್ ಬರೆಯುವವರ ಹೊಣೆ. ಜಾವಾದಲ್ಲಿ ಅದನ್ನು ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ. ರಸ್ಟ್ ಎರಡೂ ದಾರಿ ಬಿಟ್ಟು, ಪ್ರತಿ ಮೌಲ್ಯಕ್ಕೂ ಒಬ್ಬನೇ ಒಡೆಯ ಎಂದು ಕಟ್ಟು ಹಾಕುತ್ತದೆ. ಒಂದು ಸ್ಟ್ರಿಂಗನ್ನು ಫಂಕ್ಷನ್ನಿಗೆ ಹಾಗೇ ಕೊಟ್ಟಿರೋ, ಒಡೆತನವೂ ಅದರ ಜೊತೆಗೇ ಹೋಯಿತು; ಹಳೆಯ ಹೆಸರಿನಿಂದ ಮತ್ತೆ ಮುಟ್ಟಿದರೆ ಕೋಡ್ ಕಂಪೈಲ್ ಆಗುವುದಿಲ್ಲ. ಎರವಲು ಕೊಡಬಹುದು: ಓದಲು ಎಷ್ಟು ಜನಕ್ಕಾದರೂ, ಇಲ್ಲವೇ ತಿದ್ದಲು ಒಬ್ಬರಿಗೆ ಮಾತ್ರ.

ಓದುವಾಗ ಇದೆಲ್ಲ ಸಲೀಸು. ಬರೆಯಲು ಕೂತಾಗಲೇ ಇ0382 ಎಂಬ ದೋಷಸಂದೇಶ ಎದುರಾಗುವುದು. ಅದನ್ನು ಅರ್ಧಕ್ಕೆ ಬಿಡದೆ ಪೂರ್ತಿ ಓದಿ ಎಂದು ಒತ್ತಿ ಹೇಳುತ್ತೇನೆ. ಮೌಲ್ಯ ಎಲ್ಲಿ ಕೈಬದಲಾಯಿತು, ಆಮೇಲೆ ನೀವು ಎಲ್ಲಿ ಬಳಸಿದಿರಿ ಎಂಬುದನ್ನು ಕಂಪೈಲರ್ ಸಾಲು ಸಾಲಾಗಿ ಗುರುತು ಹಾಕಿ ತೋರಿಸುತ್ತದೆ. ‘ರಸ್ಟ್‌ಸಿ --ಎಕ್ಸ್‌ಪ್ಲೇನ್ ಇ0382’ ಎಂದರಂತೂ ಉದಾಹರಣೆ ಸಮೇತ ಪಾಠವೇ ಬರುತ್ತದೆ. 2016ರಲ್ಲಿ ಎಲ್ಮ್ ಭಾಷೆಯಿಂದ ಸ್ಫೂರ್ತಿ ಪಡೆದು ಈ ಸಂದೇಶಗಳಿಗೆ ಹೊಸ ರೂಪ ಕೊಟ್ಟರು. ಇಷ್ಟು ತಾಳ್ಮೆಯಿಂದ ವಿವರಿಸುವ ಮೇಷ್ಟ್ರು ಎದುರಿಗೇ ಇರುವಾಗ, ಸಂದೇಶವನ್ನು ಎಐ ಚಾಟ್‌ಗೆ ಅಂಟಿಸಿ ಉತ್ತರ ತರುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಕೋಡ್ ಓಡುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ.

ಪುಸ್ತಕದ ಜೊತೆಜೊತೆಗೆ ‘ರಸ್ಟ್‌ಲಿಂಗ್ಸ್’ ಮಾಡಿ. ಬೇಕೆಂದೇ ಕೆಡಿಸಿಟ್ಟ ಪುಟ್ಟ ಪ್ರೋಗ್ರಾಮುಗಳು; ಒಂದೊಂದನ್ನೇ ಸರಿಪಡಿಸುತ್ತ ಹೋಗಬೇಕು. ಒಡೆತನದ ಅಭ್ಯಾಸಗಳಲ್ಲಿ ಎಲ್ಲೆಂದರಲ್ಲಿ ಮೌಲ್ಯದ ನಕಲು ಮಾಡುವ ‘ಕ್ಲೋನ್’ ಸೇರಿಸಿ ಪಾರಾಗುವ ಆಸೆ ಬರುತ್ತದೆ. ಎರವಲಿನಿಂದ ಆಗದೇ ಎಂದು ಮೊದಲು ನೋಡಿ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿಂಕ್ಡ್ ಲಿಸ್ಟ್ ಬರೆದು ಪಳಗಿದವರು ಹೊಸ ಭಾಷೆಯಲ್ಲೂ ಅದರಿಂದಲೇ ಕೈಹಚ್ಚುವುದುಂಟು. ರಸ್ಟ್‌ನಲ್ಲಿ ಹಾಗೆ ಮಾಡಬೇಡಿ. ಎರಡೂ ಕಡೆಯಿಂದ ಕೊಂಡಿಯಿರುವ ಪಟ್ಟಿಯಲ್ಲಿ ಒಂದು ನೋಡ್‌ಗೆ ಒಡೆಯರು ಇಬ್ಬರಾಗುತ್ತಾರೆ, ಭಾಷೆಯ ಮೂಲನಿಯಮಕ್ಕೇ ಅದು ಅಡ್ಡ. ಈ ಕಗ್ಗಂಟು ಬಿಡಿಸಲೆಂದೇ ‘ಲರ್ನಿಂಗ್ ರಸ್ಟ್ ವಿತ್ ಎಂಟೈರ್ಲಿ ಟೂ ಮೆನಿ ಲಿಂಕ್ಡ್ ಲಿಸ್ಟ್ಸ್’ ಎಂಬ ಪುಸ್ತಕವೇ ಇದೆ. ಸೊಗಸಾದ ಬರಹ, ಆದರೆ ಎರಡನೇ ಸುತ್ತಿಗೆ.

ವಿಡಿಯೊ ನೋಡಲೇಬೇಕೆಂದರೆ ಅದು ರಸ್ಟ್‌ನ ಯಾವ ಆವೃತ್ತಿಯದೆಂದು ಗಮನಿಸಿ. 2015, 2018, 2021, 2024 ಎಂದು ನಾಲ್ಕು ಬಂದಿವೆ. ‘ದ ಬುಕ್’ನ ಕೊನೆಯಲ್ಲಿ ಹಲವು ಥ್ರೆಡ್‌ಗಳ ವೆಬ್ ಸರ್ವರ್ ಕಟ್ಟಿಸುತ್ತಾರೆ. ಅದನ್ನು ಒಮ್ಮೆ ನೋಡಿಕೊಂಡು, ಇನ್ನೊಮ್ಮೆ ಪುಸ್ತಕ ಮುಚ್ಚಿಟ್ಟು ಬರೆಯಿರಿ.